ಪ್ರೊ. ಕೆ. ರಾಮಚಂದ್ರ: ಸಂಖ್ಯಾಸಿದ್ಧಾಂತಕ್ಕೆ ಮುಡಿಪಾದ ಬದುಕು

ಚೆನ್ನೈಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಶ್ರೀನಿವಾಸ ರಾಮಾನುಜನ್ ಅವರನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ತಿರುವಲ್ಲಿಕೇಣಿಯ ಬೀದಿಗಳು, ಅವರು ಗುಮಾಸ್ತರಾಗಿ ದುಡಿದ ಬಂದರಿನ ಕಚೇರಿ, ಚೇಪಾಕಿನ ವಿಶ್ವವಿದ್ಯಾನಿಲಯ ಇವೆಲ್ಲವೂ ಇಂದಿಗೂ ಆ ಮಹಾಗಣಿತಜ್ಞರ ನೆನಪನ್ನು ಹೊತ್ತು ನಿಂತಿವೆ. 1920ರ ಏಪ್ರಿಲ್ 26ರಂದು, ತಮ್ಮ 32ನೆಯ ವಯಸ್ಸಿನಲ್ಲಿ, ಅವರು ಇದೇ ನಗರದಲ್ಲಿ ಕಣ್ಮುಚ್ಚಿದರು. ಆದರೆ ಅವರ ತರುವಾಯ ಭಾರತದಲ್ಲಿ ಸಂಖ್ಯಾಸಿದ್ಧಾಂತವೆಂಬ ಆ ವಿದ್ಯೆಯನ್ನು ಯಾರು ಮುಂದುವರಿಸಿದರು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ.

ಮೊದಲ ತಲೆಮಾರಿನಲ್ಲಿ ಮೂರು ಹೆಸರುಗಳು ಮುಖ್ಯವಾದವು: ಟಿ. ವಿಜಯರಾಘವನ್, ಎಸ್. ಎಸ್. ಪಿಳ್ಳೈ ಮತ್ತು ಸರ್ವದಮನ್ ಚೌಲ. ಪಿಳ್ಳೈಯವರು 1950ರಲ್ಲಿ ಕೈರೊ ನಗರದ ಬಳಿ ಸಂಭವಿಸಿದ ವಿಮಾನ ದುರಂತದಲ್ಲಿ ತೀರಿಕೊಂಡರು. ವಿಜಯರಾಘವನ್ 1955ರಲ್ಲಿ ನಿಧನರಾದರು. ಚೌಲ ಅವರು ದೇಶವಿಭಜನೆಯ ನಂತರ ಅಮೆರಿಕೆಗೆ ತೆರಳಿದರು. ಹೀಗೆ 1950ರ ದಶಕದ ನಡುವಿಗೆ ಬರುವ ವೇಳೆಗೆ ಆ ಸಾಲು ತೆಳುವಾಗಿತ್ತು. ಅದನ್ನು ಮತ್ತೆ ದಟ್ಟಗೊಳಿಸಿದವರಲ್ಲಿ ಪ್ರಮುಖರು ನಮ್ಮ ಮಂಡ್ಯದಲ್ಲಿ ಜನಿಸಿದ ಪ್ರೊ. ಕೆ. ರಾಮಚಂದ್ರ ಅವರು. ಅವರ ಜೀವನವನ್ನೂ ಸಂಶೋಧನೆಯನ್ನೂ, ಗಣಿತವನ್ನು ಕಾಲೇಜಿನ ನಂತರ ಮರೆತ ನನ್ನಂಥವರಿಗೂ ತಿಳಿಯುವಂತೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಹುಟ್ಟು, ಬಾಲ್ಯ ಮತ್ತು ಗುಮಾಸ್ತಿಕೆ

ರಾಮಚಂದ್ರ ಅವರು ಹುಟ್ಟಿದ್ದು 1933ರ ಆಗಸ್ಟ್ 18ರಂದು, ಅಂದಿನ ಮೈಸೂರು ಸಂಸ್ಥಾನಕ್ಕೆ ಸೇರಿದ ಮಂಡ್ಯದಲ್ಲಿ. ಮಂಡ್ಯ ಆಗಿನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಅದು ಜಿಲ್ಲೆಯಾದದ್ದು 1939ರಲ್ಲಿ. ಅವರ ಹೆಸರಿನ ಮೊದಲಕ್ಷರ 'ಕೆ' ಎಂದರೆ ಕನಕಾನಹಳ್ಳಿ. ಇಂದು ನಾವು ಕನಕಪುರ ಎಂದು ಕರೆಯುವ ಊರಿನ ಹಳೆಯ ಹೆಸರದು. ಊರು ಬಿಟ್ಟು ಎಷ್ಟೋ ಕಾಲ ಕಳೆದರೂ ಊರಿನ ಹೆಸರನ್ನು ಒಂದಕ್ಷರದಲ್ಲಾದರೂ ಉಳಿಸಿಕೊಳ್ಳುವ ನಮ್ಮವರ ರೂಢಿ ಇಲ್ಲಿಯೂ ಕಾಣುತ್ತದೆ. ಹೊರನಾಡಿನ ಗಣಿತಜ್ಞರ ಲೇಖನಗಳಲ್ಲಿ ಇಂದಿಗೂ 'ಕೆ. ರಾಮಚಂದ್ರ' ಎಂಬ ಉಲ್ಲೇಖದೊಂದಿಗೆ ಕನಕಾನಹಳ್ಳಿಯೂ ಮೌನವಾಗಿ ಸಂಚರಿಸುತ್ತಿದೆ.

ಹದಿಮೂರನೆಯ ವಯಸ್ಸಿನಲ್ಲಿ ಅವರು ತಂದೆಯನ್ನು ಕಳೆದುಕೊಂಡರು. ಮನೆಯ ಪರಿಸ್ಥಿತಿ ದುಡಿಮೆಯನ್ನು ಅನಿವಾರ್ಯವಾಗಿಸಿತು. ತಂದೆ ಕೆಲಸ ಮಾಡುತ್ತಿದ್ದ ಮಿನರ್ವ ಮಿಲ್ಸ್‌ನಲ್ಲಿಯೇ ಅವರು ಗುಮಾಸ್ತರಾಗಿ ಸೇರಿದರು. ಬೆಂಗಳೂರಿನ ಈ ಬಟ್ಟೆ ಗಿರಣಿಯ ಹೆಸರು ಇಂದು ಸಂವಿಧಾನ ಕುರಿತ 1980ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದಾಗಿ ಕಾನೂನು ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಅದೇ ಗಿರಣಿಯ ಗುಮಾಸ್ತನೊಬ್ಬ ಬಿಡುವಿನ ವೇಳೆಯಲ್ಲಿ ರಾಮಾನುಜನ್ ಅವರ ಪ್ರಮೇಯಗಳನ್ನು ಒಬ್ಬನೇ ಕುಳಿತು ಅಭ್ಯಾಸ ಮಾಡುತ್ತಿದ್ದ ಸಂಗತಿ ಅಷ್ಟಾಗಿ ಪ್ರಚಾರ ಪಡೆದಿಲ್ಲ.

ಇಲ್ಲೊಂದು ಸಾಮ್ಯವನ್ನು ಓದುಗರು ಗಮನಿಸಿರಬಹುದು. ರಾಮಾನುಜನ್ ಅವರು 1912ರ ಮಾರ್ಚ್ 1ರಂದು ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತರಾಗಿ ಸೇರಿದವರು. ಸಂಬಳಕ್ಕಾಗಿ ಒಂದು ಬಗೆಯ ಲೆಕ್ಕ, ಮನಸ್ಸಿನ ತೃಪ್ತಿಗಾಗಿ ಇನ್ನೊಂದು ಬಗೆಯ ಲೆಕ್ಕ ಎಂಬ ಈ ಎರಡು ಬದುಕು ಇಬ್ಬರಿಗೂ ಒದಗಿತ್ತು. ಸಾಮ್ಯವನ್ನು ಅತಿಯಾಗಿ ಎಳೆಯಬಾರದು. ರಾಮಾನುಜನ್ ಅವರಂಥ ಪ್ರತಿಭೆ ಶತಮಾನಕ್ಕೊಂದು. ಆದರೆ ಮೂರು ದಶಕ ಬ್ಯಾಂಕಿನ ಖಾತೆ ಪುಸ್ತಕಗಳ ನಡುವೆ ಕಳೆದ ನನಗೆ, ದಿನವಿಡೀ ಅಂಕಿಗಳನ್ನು ಕೂಡಿ ಕಳೆದು ಬಂದ ಮೇಲೆ ಮತ್ತೆ ಅಂಕಿಗಳ ಬಳಿಗೇ ಪ್ರೀತಿಯಿಂದ ಹೋಗುವುದು ಎಂಥ ಅಸಾಧಾರಣ ಸಂಗತಿ ಎಂಬುದು ಚೆನ್ನಾಗಿ ಗೊತ್ತು.

ಮುಂದೆ ಅವರು ಬೆಂಗಳೂರಿನ ಬಿ.ಎಂ.ಎಸ್. ಇಂಜಿನಿಯರಿಂಗ್ ಕಾಲೇಜಿನಲ್ಲಿ ಉಪನ್ಯಾಸಕರಾದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಅಧ್ಯಾಪಕರಾಗಿ ಸೇರಿದ್ದುಂಟು, ಆದರೆ ಅಲ್ಲಿ ಇದ್ದದ್ದು ಕೇವಲ 6 ದಿನ. 1958ರಲ್ಲಿ ಅವರು ಸಂಶೋಧನಾ ವಿದ್ಯಾರ್ಥಿಯಾಗಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಆಗ ಅವರಿಗೆ 25 ವರ್ಷ. ಅಧ್ಯಾಪಕ ವೃತ್ತಿಯಿಂದ ಮತ್ತೆ ವಿದ್ಯಾರ್ಥಿ ಸ್ಥಾನಕ್ಕೆ ಹೋಗುವುದು ಮಧ್ಯಮ ವರ್ಗದ ಮನೆಯೊಂದರಲ್ಲಿ ಸುಲಭವಾದ ನಿರ್ಧಾರವಲ್ಲ.

ಮುಂಬಯಿಯ ಮೂರು ದಶಕಗಳು

ಟಾಟಾ ಸಂಸ್ಥೆಯ ಗಣಿತ ಶಾಖೆಯನ್ನು ಕಟ್ಟಿ ಬೆಳೆಸಿದವರಲ್ಲಿ ಕೆ. ಚಂದ್ರಶೇಖರನ್ ಮತ್ತು ಕೆ. ಜಿ. ರಾಮನಾಥನ್ ಅವರು ಮುಖ್ಯರು. ಇಬ್ಬರೂ ಮದ್ರಾಸಿನಲ್ಲಿ ವ್ಯಾಸಂಗ ಮಾಡಿದವರು. ಜಗತ್ತಿನ ಹೆಸರಾಂತ ಗಣಿತಜ್ಞರನ್ನು ಆಹ್ವಾನಿಸಿ, ಅವರ ಉಪನ್ಯಾಸಗಳನ್ನು ತರುಣ ವಿದ್ಯಾರ್ಥಿಗಳಿಗೆ ಒದಗಿಸುವುದು ಅಲ್ಲಿಯ ಪದ್ಧತಿಯಾಗಿತ್ತು. 1959–60ರಲ್ಲಿ ಜರ್ಮನಿಯ ಮಹಾಗಣಿತಜ್ಞ ಕಾರ್ಲ್ ಲುಡ್ವಿಗ್ ಸೀಗಲ್ ಅಲ್ಲಿಗೆ ಬಂದು ಉಪನ್ಯಾಸಗಳನ್ನು ನೀಡಿದರು. ಕ್ರೋನೆಕರ್ ಎಂಬ ಹತ್ತೊಂಬತ್ತನೆಯ ಶತಮಾನದ ಗಣಿತಜ್ಞನ ಕೆಲವು ಸೂತ್ರಗಳು ಅವುಗಳ ವಸ್ತುವಾಗಿದ್ದವು.

ರಾಮಚಂದ್ರ ಅವರ ಮೊದಲ ದೊಡ್ಡ ಕೆಲಸ ಇದೇ ಸೂತ್ರಗಳಿಗೆ ಸಂಬಂಧಿಸಿದ್ದು. ಕ್ರೋನೆಕರ್ ಅವರಿಗೆ ಯೌವನದಲ್ಲಿ ಒಂದು ಕನಸಿತ್ತು. ಕೆಲವು ವಿಶಿಷ್ಟ ಸಂಖ್ಯಾಸಮೂಹಗಳನ್ನು ನಿಶ್ಚಿತವಾದ ಫಲನಗಳ ಬೆಲೆಗಳಿಂದ ನಿರ್ಮಿಸಲು ಸಾಧ್ಯವೆಂಬುದೇ ಆ ಕನಸು. ಆ ನಿರ್ಮಾಣವನ್ನು ಕೈಗೆ ಸಿಗುವ ಹಾಗೆ, ಸ್ಪಷ್ಟವಾದ ಸಂಖ್ಯೆಗಳ ಮೂಲಕ ತೋರಿಸಿಕೊಡುವ ದಿಕ್ಕಿನಲ್ಲಿ ರಾಮಚಂದ್ರ ಅವರ ಲೇಖನ ಸಾಗಿತು. ಅದು 1964ರಲ್ಲಿ 'ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರಿನ್ಸ್‌ಟನ್ನಿನಿಂದ ಹೊರಡುವ ಈ ಪತ್ರಿಕೆ ಗಣಿತ ಲೋಕದಲ್ಲಿ ಅತ್ಯುನ್ನತ ಮನ್ನಣೆ ಪಡೆದದ್ದು. ಆ ಲೇಖನದಲ್ಲಿ ಅವರು ರೂಪಿಸಿದ ಸಂಖ್ಯೆಗಳನ್ನು ಇಂದಿಗೂ ತಜ್ಞರು ಅವರ ಹೆಸರಿನಿಂದಲೇ ಗುರುತಿಸುತ್ತಾರೆ. 1965ರಲ್ಲಿ ಪ್ರೊ. ರಾಮನಾಥನ್ ಅವರ ಮಾರ್ಗದರ್ಶನದಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪದವಿ ದೊರೆಯಿತು. ಅಂದಿನಿಂದ 1995ರವರೆಗೆ, ಮೂವತ್ತು ವರ್ಷ, ಅವರು ಅದೇ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದರು.

ಆರು ಘಾತಗಳ ಪ್ರಮೇಯ

ರಾಮಚಂದ್ರ ಅವರ ಹೆಸರನ್ನು ಶಾಶ್ವತಗೊಳಿಸಿದ ಫಲಿತಾಂಶವೊಂದನ್ನು ಸ್ವಲ್ಪ ವಿವರವಾಗಿ ನೋಡೋಣ. ಇದಕ್ಕೆ ಶಾಲೆಯ ಗಣಿತ ಸಾಕು, ಸ್ವಲ್ಪ ತಾಳ್ಮೆ ಬೇಕು.

2ನ್ನು ಮೂರು ಸಲ ಗುಣಿಸಿದರೆ 8 ಬರುತ್ತದೆ. ಇದನ್ನು 2ರ 3ನೆಯ ಘಾತ ಎನ್ನುತ್ತೇವೆ. ಘಾತಾಂಕವು ಪೂರ್ಣಾಂಕವೇ ಆಗಬೇಕೆಂದಿಲ್ಲ. 2ರ ಘಾತವನ್ನು ಸುಮಾರು 1.585ಕ್ಕೆ ಏರಿಸಿದರೆ ಸರಿಯಾಗಿ 3 ಬರುವಂತೆ ಮಾಡಬಹುದು. ಆ ಘಾತಾಂಕವನ್ನು 'ಯ' ಎಂದು ಕರೆಯೋಣ. ಅಂದರೆ 'ಯ' ಪೂರ್ಣಾಂಕವಲ್ಲದಿದ್ದರೂ 2ರ 'ಯ' ಘಾತ ಪೂರ್ಣಾಂಕವಾಗಬಲ್ಲದು. ಆದರೆ ಅದೇ 'ಯ' ಘಾತವನ್ನು 3ಕ್ಕೆ ಏರಿಸಿದರೆ ಸುಮಾರು 5.70 ಬರುತ್ತದೆ, ಪೂರ್ಣಾಂಕ ಬರುವುದಿಲ್ಲ. ಹಾಗಾದರೆ ಪ್ರಶ್ನೆ ಇದು: ಪೂರ್ಣಾಂಕವಲ್ಲದ ಒಂದೇ ಘಾತಾಂಕ, 2 ಮತ್ತು 3 ಎರಡನ್ನೂ ಪೂರ್ಣಾಂಕಗಳಿಗೆ ಕೊಂಡೊಯ್ಯಬಲ್ಲದೇ?

ಈ ಪ್ರಶ್ನೆಯ ಬೇರು ರಾಮಾನುಜನ್ ಅವರಲ್ಲಿಯೇ ಇದೆ. ತನಗಿಂತ ಚಿಕ್ಕದಾದ ಎಲ್ಲ ಸಂಖ್ಯೆಗಳಿಗಿಂತಲೂ ಹೆಚ್ಚು ಭಾಜಕಗಳನ್ನು ಹೊಂದಿರುವ ಸಂಖ್ಯೆಗಳನ್ನು ಅವರು 1915ರಲ್ಲಿ ವಿಸ್ತಾರವಾಗಿ ಅಧ್ಯಯನ ಮಾಡಿದ್ದರು. 12, 24, 60 ಇವೆಲ್ಲ ಅಂಥವು. 60ಕ್ಕೆ 12 ಭಾಜಕಗಳಿವೆ. 1944ರಲ್ಲಿ ಅಲಾವೋಗ್ಲು ಮತ್ತು ಪಾಲ್ ಏರ್ಡಿಷ್ ಎಂಬ ಗಣಿತಜ್ಞರು ಈ ಅಧ್ಯಯನವನ್ನು ಮುಂದುವರಿಸುವಾಗ ಮೇಲೆ ಹೇಳಿದಂಥ ಪ್ರಶ್ನೆಗೆ ಎದುರಾದರು. ಎರಡು ಅವಿಭಾಜ್ಯ ಸಂಖ್ಯೆಗಳ ವಿಷಯದಲ್ಲಿ ಅದನ್ನು ಬಗೆಹರಿಸಲು ಅವರಿಂದಾಗಲಿಲ್ಲ. ಮೂರು ಅವಿಭಾಜ್ಯಗಳಿದ್ದರೆ ಸಾಧಿಸಬಹುದೆಂದು ಸೀಗಲ್ ತಿಳಿಸಿದ್ದರೆಂದು ಅವರು ಬರೆದಿದ್ದಾರೆ. ಆದರೆ ಸೀಗಲ್ ಆ ಸಾಧನೆಯನ್ನು ಪ್ರಕಟಿಸಿರಲಿಲ್ಲ.

ಅದಕ್ಕೂ ವಿಶಾಲವಾದ ಒಂದು ಪ್ರಮೇಯವನ್ನು ಇಬ್ಬರು, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಸಾಧಿಸಿದರು: ಅಮೆರಿಕೆಯ ಸರ್ಜ್ ಲ್ಯಾಂಗ್ 1966ರಲ್ಲಿ ಮತ್ತು ನಮ್ಮ ರಾಮಚಂದ್ರ 1968ರಲ್ಲಿ. ರಾಮಚಂದ್ರ ಅವರ ಲೇಖನ ಎರಡು ಭಾಗಗಳಲ್ಲಿ ಪೋಲೆಂಡಿನ 'ಆಕ್ಟ ಅರಿಥ್ಮೆಟಿಕ' ಪತ್ರಿಕೆಯಲ್ಲಿ ಪ್ರಕಟವಾಯಿತು. ಇದೇ 'ಆರು ಘಾತಗಳ ಪ್ರಮೇಯ'.

ಅದರ ತಿರುಳನ್ನು ತಿಳಿಯಲು 'ಬೀಜಾತೀತ ಸಂಖ್ಯೆ' ಎಂಬ ಪದದ ಅರ್ಥ ಗೊತ್ತಿರಬೇಕು. 2ರ ವರ್ಗಮೂಲ ಭಿನ್ನರಾಶಿಯಾಗಿ ಬರೆಯಲು ಬಾರದ ಸಂಖ್ಯೆ. ಆದರೂ ಅದರ ವರ್ಗ 2 ಎಂಬ ಸರಳ ಸಮೀಕರಣ ಅದನ್ನು ಹಿಡಿದಿಡುತ್ತದೆ. ಪೂರ್ಣಾಂಕಗಳಿಂದ ಕಟ್ಟಿದ ಇಂಥ ಯಾವ ಬೀಜಗಣಿತ ಸಮೀಕರಣದ ಹಿಡಿತಕ್ಕೂ ಸಿಗದ ಸಂಖ್ಯೆಗಳೇ ಬೀಜಾತೀತ ಸಂಖ್ಯೆಗಳು. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತವಾದ 'ಪೈ' ಅಂಥದ್ದೆಂದು ಲಿಂಡೆಮನ್ 1882ರಲ್ಲಿ ಸಾಧಿಸಿದ. ಒಂದು ಸಂಖ್ಯೆ ಬೀಜಾತೀತವೆಂದು ಅನುಮಾನಿಸುವುದು ಸುಲಭ, ಸಾಧಿಸುವುದು ಬಲು ಕಷ್ಟ.

ಪರಸ್ಪರ ಭಿನ್ನರಾಶಿಗಳ ಸಂಬಂಧವಿಲ್ಲದ ಎರಡು ಸಂಖ್ಯೆಗಳನ್ನೂ, ಅದೇ ರೀತಿಯ ಇನ್ನೊಂದು ಗುಂಪಿನಿಂದ ಮೂರು ಸಂಖ್ಯೆಗಳನ್ನೂ ತೆಗೆದುಕೊಳ್ಳಿ. ಒಂದೊಂದನ್ನು ಒಂದೊಂದರಿಂದ ಗುಣಿಸಿದರೆ ಆರು ಗುಣಲಬ್ಧಗಳು. ಸ್ವಾಭಾವಿಕ ಲಘುಗಣಕದ ಆಧಾರಸಂಖ್ಯೆಯನ್ನು ಈ ಆರು ಘಾತಗಳಿಗೆ ಏರಿಸಿದಾಗ ದೊರೆಯುವ ಆರು ಸಂಖ್ಯೆಗಳಲ್ಲಿ ಕನಿಷ್ಠ ಒಂದಾದರೂ ಬೀಜಾತೀತವಾಗಿರಲೇಬೇಕು. ಇದು ಪ್ರಮೇಯ.

ಇದರಿಂದ ಹೊರಡುವ ಫಲಗಳು ಸುಂದರವಾಗಿವೆ. 2, 3, 5 ಈ ಮೂರನ್ನೂ ಒಂದೇ ಘಾತಕ್ಕೆ ಏರಿಸಿದಾಗ ಮೂರೂ ಪೂರ್ಣಾಂಕಗಳಾಗಿ ಬಂದರೆ, ಆ ಘಾತಾಂಕವೂ ಪೂರ್ಣಾಂಕವೇ ಆಗಿರಬೇಕು, ಬೇರೆ ದಾರಿಯಿಲ್ಲ. ಇನ್ನೊಂದು ಫಲ: 2ನ್ನು 'ಪೈ' ಘಾತಕ್ಕೆ, 'ಪೈ'ಯ ವರ್ಗದ ಘಾತಕ್ಕೆ, 'ಪೈ'ಯ ಘನದ ಘಾತಕ್ಕೆ ಏರಿಸಿದರೆ ದೊರೆಯುವ ಮೂರು ಸಂಖ್ಯೆಗಳಲ್ಲಿ ಒಂದಾದರೂ ಬೀಜಾತೀತ. ಯಾವುದು ಎಂದು ಪ್ರಮೇಯ ಹೇಳುವುದಿಲ್ಲ. ಮೂವರಲ್ಲಿ ಒಬ್ಬರು ಸತ್ಯ ಬಲ್ಲರೆಂದು ಖಚಿತವಾಗಿ ಗೊತ್ತಿದ್ದು, ಯಾರೆಂದು ಮಾತ್ರ ತಿಳಿಯದಂಥ ಸ್ಥಿತಿ ಅದು.

ಮೊದಲಿನ ಪ್ರಶ್ನೆ, ಅಂದರೆ 2 ಮತ್ತು 3 ಎರಡೇ ಇದ್ದರೆ ಏನು ಎಂಬುದು, ಇಂದಿಗೂ ಬಗೆಹರಿದಿಲ್ಲ. ಅದನ್ನು 'ನಾಲ್ಕು ಘಾತಗಳ ಊಹೆ' ಎನ್ನುತ್ತಾರೆ. ಮೂರು ಸಂಖ್ಯೆಗಳಿದ್ದಾಗ ತೆರೆದ ಬಾಗಿಲು ಎರಡಿದ್ದಾಗ ತೆರೆಯುತ್ತಿಲ್ಲ. ಆ ಬಾಗಿಲ ಮುಂದೆ ನಿಂತವರಿಗೆಲ್ಲ ರಾಮಚಂದ್ರ ಅವರ ಲೇಖನವೇ ಮೊದಲ ಓದು.

ಅವಿಭಾಜ್ಯ ಸಂಖ್ಯೆಗಳ ಬೆನ್ನು ಹತ್ತಿ

1 ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಭಾಗವಾಗದ 2, 3, 5, 7, 11 ಮುಂತಾದ ಅವಿಭಾಜ್ಯ ಸಂಖ್ಯೆಗಳು ರಾಮಚಂದ್ರ ಅವರ ಜೀವಮಾನದ ಒಲವು. ಎರಡು ಅನುಕ್ರಮ ವರ್ಗಸಂಖ್ಯೆಗಳ ನಡುವೆ ಒಂದಾದರೂ ಅವಿಭಾಜ್ಯ ಇದ್ದೇ ಇರುತ್ತದೆಯೇ ಎಂಬ ಹಳೆಯ ಪ್ರಶ್ನೆಗೆ ಇಂದಿಗೂ ಉತ್ತರವಿಲ್ಲ. 9 ಮತ್ತು 16ರ ನಡುವೆ 11, 13 ಇವೆ. 16 ಮತ್ತು 25ರ ನಡುವೆ 17, 19, 23 ಇವೆ. ಎಷ್ಟು ದೂರ ಪರೀಕ್ಷಿಸಿದರೂ ನಿಯಮ ತಪ್ಪಿಲ್ಲ, ಆದರೆ ಪರೀಕ್ಷೆ ಸಾಧನೆಯಲ್ಲ.

ಇಂಥ ಕಿರಿದಾದ ಅಂತರದಲ್ಲಿ ಅವಿಭಾಜ್ಯವನ್ನೇ ತೋರಿಸಲಾಗದಿದ್ದರೆ, ಕನಿಷ್ಠ ಪಕ್ಷ ಬಹಳ ದೊಡ್ಡ ಅವಿಭಾಜ್ಯ ಅಪವರ್ತನವುಳ್ಳ ಸಂಖ್ಯೆಯೊಂದನ್ನಾದರೂ ತೋರಿಸಬಹುದೇ? ಈ ದಿಕ್ಕಿನಲ್ಲಿ ರಾಮಚಂದ್ರ ಅವರು 1969 ಮತ್ತು 1970ರಲ್ಲಿ ಪ್ರಕಟಿಸಿದ ಲೇಖನಗಳು ಹೊಸ ಹಾದಿ ತೆರೆದವು. ಒಂದು ಲಕ್ಷ ಕೋಟಿಯನ್ನು ನಿದರ್ಶನವಾಗಿ ಇಟ್ಟುಕೊಳ್ಳೋಣ. ಅದರ ವರ್ಗಮೂಲ ಹತ್ತು ಲಕ್ಷ. ಒಂದು ಲಕ್ಷ ಕೋಟಿಯಿಂದ ಮುಂದಿನ ಹತ್ತು ಲಕ್ಷ ಸಂಖ್ಯೆಗಳ ಒಳಗೆ ಹುಡುಕಬೇಕು. ಅವರ ಮೊದಲ ಲೇಖನದ ಘಾತಾಂಕ 26ರಲ್ಲಿ 15 ಪಾಲು. ಈ ನಿದರ್ಶನದ ಅಳತೆಯಲ್ಲಿ ಸುಮಾರು 84 ಲಕ್ಷಕ್ಕೂ ಮೀರಿದ ಅವಿಭಾಜ್ಯ ಅಪವರ್ತನ. ಮರುವರ್ಷ ಅದನ್ನು 8ರಲ್ಲಿ 5 ಪಾಲಿಗೆ ಏರಿಸಿದರು, ಅಂದರೆ ಸುಮಾರು 3 ಕೋಟಿ 16 ಲಕ್ಷ. ಪ್ರಮೇಯ ಅನ್ವಯಿಸುವುದು ಸಾಕಷ್ಟು ದೊಡ್ಡದಾದ ಸಂಖ್ಯೆಗಳಿಗೆ. ಇಲ್ಲಿಯ ಅಂಕಿಗಳು ಅಳತೆಯ ಕಲ್ಪನೆಗಾಗಿ ಮಾತ್ರ. ತರುವಾಯ ಅನೇಕ ದೇಶಗಳ ಗಣಿತಜ್ಞರು ಈ ಘಾತಾಂಕವನ್ನು ಹಂತ ಹಂತವಾಗಿ ಮೇಲೇರಿಸುತ್ತಾ ಬಂದಿದ್ದಾರೆ.

ಗ್ರಿಮ್ ಎಂಬ ಗಣಿತಜ್ಞ 1969ರಲ್ಲಿ ಮುಂದಿಟ್ಟ ಇನ್ನೊಂದು ಒಗಟು ಮನೆಯ ಮಕ್ಕಳಿಗೂ ಹೇಳುವಂತಿದೆ. 23 ಮತ್ತು 29 ಅವಿಭಾಜ್ಯಗಳು. ನಡುವೆ 24, 25, 26, 27, 28 ಎಂಬ ಐದು ಸಂಖ್ಯೆಗಳಿವೆ, ಯಾವುದೂ ಅವಿಭಾಜ್ಯವಲ್ಲ. ಈ ಒಂದೊಂದಕ್ಕೂ ಅದನ್ನು ಭಾಗಿಸುವ ಒಂದೊಂದು ಅವಿಭಾಜ್ಯವನ್ನು, ಯಾವುದನ್ನೂ ಎರಡು ಸಲ ಬಳಸದೆ, ಹಂಚಬಹುದೇ? ಹಂಚಬಹುದು: 24ಕ್ಕೆ 2, 25ಕ್ಕೆ 5, 26ಕ್ಕೆ 13, 27ಕ್ಕೆ 3, 28ಕ್ಕೆ 7. ಇಂಥ ಸಾಲು ಎಲ್ಲಿಯೇ ಸಿಕ್ಕಿದರೂ ಈ ಹಂಚಿಕೆ ಸಾಧ್ಯವೆಂಬುದು ಗ್ರಿಮ್ ಅವರ ಊಹೆ. ಪೂರ್ತಿ ಸಾಧನೆ ಇಂದಿಗೂ ದೊರೆತಿಲ್ಲ. 1975ರಲ್ಲಿ ರಾಮಚಂದ್ರ, ಅವರ ಶಿಷ್ಯ ಟಿ. ಎನ್. ಶೋರೆ ಮತ್ತು ನೆದರ್‌ಲ್ಯಾಂಡ್ಸಿನ ರಾಬರ್ಟ್ ಟೈಡೆಮನ್ ಸೇರಿ ಪ್ರಕಟಿಸಿದ ಫಲಿತಾಂಶ, ಸಾಲು ತೀರ ಉದ್ದವಾಗಿಲ್ಲದಿದ್ದರೆ ಹಂಚಿಕೆ ಖಂಡಿತ ಸಾಧ್ಯವೆಂದು ತೋರಿಸಿ, ಹಿಂದಿನ ಮಿತಿಗಳನ್ನು ಬಹುಮಟ್ಟಿಗೆ ವಿಸ್ತರಿಸಿತು.

ಅವಿಭಾಜ್ಯಗಳ ಹಂಚಿಕೆಯ ರಹಸ್ಯವೆಲ್ಲ ಅಡಗಿರುವುದು ರೀಮನ್ 1859ರಲ್ಲಿ ಅಧ್ಯಯನ ಮಾಡಿದ 'ಜೀಟ' ಫಲನದಲ್ಲಿ. ಆ ಫಲನದ ಬಗ್ಗೆ ರೀಮನ್ ಮಾಡಿದ ಊಹೆ ಗಣಿತದ ಅತಿ ಪ್ರಸಿದ್ಧ ಬಗೆಹರಿಯದ ಪ್ರಶ್ನೆ. 1970ರ ದಶಕದಿಂದ ರಾಮಚಂದ್ರ ಅವರು ಹೆಚ್ಚಾಗಿ ಈ ಫಲನದ ಅಧ್ಯಯನದಲ್ಲಿ ಮುಳುಗಿದರು. ಅದರ ಸರಾಸರಿ ಬೆಲೆ ಎಷ್ಟಕ್ಕಿಂತ ಕಡಿಮೆಯಾಗಲಾರದು, ಚಿಕ್ಕ ಅಂತರದೊಳಗೂ ಅದು ಎಷ್ಟು ಎತ್ತರಕ್ಕೆ ಏರಲೇಬೇಕು ಎಂಬ ಪ್ರಶ್ನೆಗಳಿಗೆ ಅವರು, ಹಲವೊಮ್ಮೆ ಶಿಷ್ಯ ಆರ್. ಬಾಲಸುಬ್ರಮಣಿಯನ್ ಅವರೊಂದಿಗೆ, ನೀಡಿದ ಉತ್ತರಗಳು ಆ ಕ್ಷೇತ್ರದ ಬುನಾದಿಯ ಭಾಗವಾಗಿವೆ. ಈ ವಿಷಯ ಕುರಿತ ಅವರ ಉಪನ್ಯಾಸಗಳು 1995ರಲ್ಲಿ ಪುಸ್ತಕ ರೂಪದಲ್ಲಿ ಬಂದವು. ಒಟ್ಟು 200ಕ್ಕೂ ಹೆಚ್ಚು ಸಂಶೋಧನಾ ಲೇಖನಗಳನ್ನು ಅವರು ಪ್ರಕಟಿಸಿದ್ದಾರೆ.

ಇದರಿಂದ ಪ್ರಯೋಜನವೇನು ಎಂದು ಕೇಳುವವರಿದ್ದಾರೆ. ಇಂದು ನಾವು ಮನೆಯಲ್ಲಿ ಕುಳಿತು ಹಣ ವರ್ಗಾಯಿಸುವಾಗ ಗೋಪ್ಯತೆಯನ್ನು ಕಾಯುವ ವಿಧಾನಗಳಲ್ಲಿ, ದೊಡ್ಡ ಅವಿಭಾಜ್ಯಗಳನ್ನು ಆಧರಿಸಿದ, 1977ರಲ್ಲಿ ರೂಪುಗೊಂಡ ವಿಧಾನವೂ ಒಂದು. ರಾಮಚಂದ್ರ ಅವರ ಪ್ರಮೇಯಗಳು ನೇರವಾಗಿ ಅಲ್ಲಿ ಬಳಕೆಯಾಗುತ್ತವೆಂದು ಹೇಳುವುದು ಸರಿಯಲ್ಲ. ಆದರೆ ಯಾವ ಉಪಯೋಗವನ್ನೂ ನಿರೀಕ್ಷಿಸದೆ ಶತಮಾನಗಳ ಕಾಲ ಅವಿಭಾಜ್ಯಗಳನ್ನು ಅಭ್ಯಾಸ ಮಾಡಿದವರಿರದಿದ್ದರೆ, ಅಗತ್ಯ ಬಿದ್ದಾಗ ಆ ವಿದ್ಯೆ ಕೈಗೆ ಸಿಗುತ್ತಿರಲಿಲ್ಲ.

ಶಿಷ್ಯ ಪರಂಪರೆ

ಗುರುವಿನ ಕೊಡುಗೆಯನ್ನು ಲೇಖನಗಳ ಸಂಖ್ಯೆಯಿಂದ ಮಾತ್ರ ಅಳೆಯಲಾಗದು. ಟಿ. ಎನ್. ಶೋರೆ ಅವರು ಡಯೊಫಾಂಟಸ್ ಸಮೀಕರಣಗಳ ಕ್ಷೇತ್ರದಲ್ಲಿ ಜಗದ್ವಿಖ್ಯಾತರಾದರು. 1987ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಪಡೆದರು. ಅದೇ ಪ್ರಶಸ್ತಿ 1990ರಲ್ಲಿ ಆರ್. ಬಾಲಸುಬ್ರಮಣಿಯನ್ ಅವರಿಗೆ ಸಂದಿತು. ಪ್ರಶಸ್ತಿ ಪಡೆದವರ ಪಟ್ಟಿಯಲ್ಲಿ ರಾಮಚಂದ್ರ ಅವರ ಹೆಸರಿಲ್ಲ, ಅವರ ಇಬ್ಬರು ಶಿಷ್ಯರ ಹೆಸರುಗಳಿವೆ. ಶಿಷ್ಯನಿಂದ ಸೋಲನ್ನು ಬಯಸಬೇಕೆಂಬ ನಮ್ಮ ಹಿರಿಯರ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು.

ಬಾಲಸುಬ್ರಮಣಿಯನ್ ಅವರ ಸಾಧನೆಯೊಂದನ್ನು ಇಲ್ಲಿ ಹೇಳಬೇಕು. ಯಾವುದೇ ಪೂರ್ಣಾಂಕವನ್ನು ಹೆಚ್ಚೆಂದರೆ 19 ನಾಲ್ಕನೆಯ ಘಾತಗಳ ಮೊತ್ತವಾಗಿ ಬರೆಯಬಹುದೆಂದು ವೇರಿಂಗ್ 1770ರಲ್ಲಿ ಹೇಳಿದ್ದ. 79 ಎಂಬ ಸಂಖ್ಯೆಗೆ ಸರಿಯಾಗಿ 19 ಬೇಕು: ನಾಲ್ಕು 16ಗಳು, ಹದಿನೈದು 1ಗಳು. ಎಲ್ಲ ಸಂಖ್ಯೆಗಳಿಗೂ 19 ಸಾಕೆಂಬುದನ್ನು ಬಾಲಸುಬ್ರಮಣಿಯನ್ ಅವರು ಫ್ರಾನ್ಸಿನ ದೆಶುಯಿಯೆ ಮತ್ತು ದ್ರೆಸ್ ಅವರೊಂದಿಗೆ 1986ರಲ್ಲಿ ಸಾಧಿಸಿ, ಎರಡು ಶತಮಾನಗಳ ಪ್ರಶ್ನೆಗೆ ತೆರೆ ಎಳೆದರು.

ಶಿಷ್ಯರಲ್ಲಿ ಮಂಗಳಾ ನಾರಳೀಕರ್ ಅವರನ್ನೂ ನೆನೆಯಬೇಕು. ವಿವಾಹದ ಕಾರಣ ಸಂಶೋಧನೆಯನ್ನು ಬಿಟ್ಟುಹೋಗಿದ್ದ ಅವರು, ಮಕ್ಕಳನ್ನು ಬೆಳೆಸುತ್ತಲೇ ಮತ್ತೆ ಅಧ್ಯಯನಕ್ಕೆ ಮರಳಿ, 1981ರಲ್ಲಿ ರಾಮಚಂದ್ರ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ಮರಾಠಿಯಲ್ಲಿ ಸಾಮಾನ್ಯ ಓದುಗರಿಗಾಗಿ ಗಣಿತವನ್ನು ಬರೆದ ಅವರು 2023ರಲ್ಲಿ ನಿಧನರಾದರು. ಎಸ್. ಶ್ರೀನಿವಾಸನ್, ವಿ. ವಿ. ರಾಣೆ, ಎ. ಶಂಕರನಾರಾಯಣನ್, ಕೆ. ಶ್ರೀನಿವಾಸ್ ಮೊದಲಾದವರೂ ಇದೇ ಗುರುಕುಲದವರು.

ಹಾರ್ಡಿ–ರಾಮಾನುಜನ್ ಜರ್ನಲ್

1978ರಲ್ಲಿ ರಾಮಚಂದ್ರ ಅವರು ಬಾಲಸುಬ್ರಮಣಿಯನ್ ಅವರ ಜೊತೆಗೂಡಿ ಸಂಖ್ಯಾಸಿದ್ಧಾಂತಕ್ಕಾಗಿಯೇ ಒಂದು ಪತ್ರಿಕೆಯನ್ನು ಆರಂಭಿಸಿದರು. ಕೇಂಬ್ರಿಡ್ಜಿನ ಹಾರ್ಡಿ ಮತ್ತು ಕುಂಭಕೋಣದ ರಾಮಾನುಜನ್, ಇಬ್ಬರ ಹೆಸರನ್ನೂ ಅದಕ್ಕೆ ಇಟ್ಟರು. ವರ್ಷಕ್ಕೆ ಒಂದೇ ಸಂಚಿಕೆ. ಬಿಡುಗಡೆ ರಾಮಾನುಜನ್ ಹುಟ್ಟಿದ ದಿನವಾದ ಡಿಸೆಂಬರ್ 22ರಂದು. ದೊಡ್ಡ ಪ್ರಕಾಶನ ಸಂಸ್ಥೆಯ ಆಸರೆಯಿಲ್ಲದೆ, ಹಾರ್ಡಿ–ರಾಮಾನುಜನ್ ಸೊಸೈಟಿಯ ಪರವಾಗಿ, ತಮ್ಮ ಕೊನೆಯವರೆಗೂ ಅವರು ಅದನ್ನು ನಡೆಸಿಕೊಂಡು ಬಂದರು. ನಮ್ಮ ಸಂಘಗಳಲ್ಲಿ ವಾರ್ಷಿಕ ಸಂಚಿಕೆ ಹೊರತರಲು ಓಡಾಡಿದ ಅನುಭವವಿರುವವರಿಗೆ ಮೂರು ದಶಕ ಒಂದು ಪತ್ರಿಕೆಯನ್ನು ತಪ್ಪದೆ ನಡೆಸುವುದರ ಕಷ್ಟ ಅರಿವಾಗುತ್ತದೆ. ರಾಮಚಂದ್ರ ಅವರ ನಂತರವೂ ಪತ್ರಿಕೆ ನಿಲ್ಲಲಿಲ್ಲ. ಈಗ ಅದು ಫ್ರಾನ್ಸಿನ ಒಂದು ಜಾಲತಾಣದ ಮೂಲಕ ಎಲ್ಲರಿಗೂ ಉಚಿತವಾಗಿ ಓದಲು ದೊರೆಯುತ್ತದೆ.

ಚೆನ್ನೈಯೊಂದಿಗಿನ ನಂಟು

ಮಂಡ್ಯ, ಬೆಂಗಳೂರು, ಮುಂಬಯಿ ಎಂದು ಸಾಗಿದ ಈ ಜೀವನಕ್ಕೂ ನಮ್ಮ ನಗರಕ್ಕೂ ಇರುವ ಸಂಬಂಧ ಚಿಕ್ಕದಲ್ಲ. ಅಳಗಪ್ಪ ಚೆಟ್ಟಿಯಾರ್ ಅವರ ಔದಾರ್ಯದಿಂದ 1950ರಲ್ಲಿ ಇಲ್ಲಿ ರಾಮಾನುಜನ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಗಿತ್ತು. ಮೇಲೆ ಹೇಳಿದ ವಿಜಯರಾಘವನ್ ಅವರೇ ಅದರ ಮೊದಲ ನಿರ್ದೇಶಕರು. 1957ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯ ಅದನ್ನು ವಹಿಸಿಕೊಂಡಿತು. ಬೀಜಾತೀತ ಸಂಖ್ಯೆಗಳನ್ನು ಕುರಿತ ರಾಮಚಂದ್ರ ಅವರ ಉಪನ್ಯಾಸಗಳನ್ನು 1969ರಲ್ಲಿ ಪುಸ್ತಕವಾಗಿ ಪ್ರಕಟಿಸಿದ್ದು ಇದೇ ಸಂಸ್ಥೆ. ಆರು ಘಾತಗಳ ಪ್ರಮೇಯ ಪ್ರಕಟವಾದ ಮರುವರ್ಷವೇ ಅದರ ಸುತ್ತಲಿನ ವಿದ್ಯೆ ರಾಮಾನುಜನ್ ಅವರ ಹೆಸರಿನ ಮನೆಯಿಂದ ಪುಸ್ತಕವಾಗಿ ಹೊರಬಂದಿತು.

ತರಮಣಿಯಲ್ಲಿರುವ ಗಣಿತ ವಿಜ್ಞಾನಗಳ ಸಂಸ್ಥೆ, ಅಂದರೆ 'ಮ್ಯಾಟ್‌ಸೈನ್ಸ್', 1962ರಲ್ಲಿ ಆರಂಭವಾದದ್ದು. ಬಾಲಸುಬ್ರಮಣಿಯನ್ ಅವರು ಮುಂದೆ ಅದರ ನಿರ್ದೇಶಕರಾಗಿದ್ದರು; 2006ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ರಾಮಚಂದ್ರ ಅವರ ಮತ್ತೊಬ್ಬ ಶಿಷ್ಯ ಕೆ. ಶ್ರೀನಿವಾಸ್ ಅವರೂ ಇದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಗುರುವಿನ 70ನೆಯ ವರ್ಷದ ಗೌರವಾರ್ಥ 2003ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿಯ ಪ್ರಬಂಧಗಳನ್ನು ಈ ಇಬ್ಬರೂ ಸಂಪಾದಿಸಿ 2006ರಲ್ಲಿ ಗ್ರಂಥವಾಗಿ ಹೊರತಂದರು. ರಾಮಾನುಜನ್ ಅವರ ವಿದ್ಯೆಯನ್ನು ಬೆಂಗಳೂರಿನ ಗುಮಾಸ್ತನೊಬ್ಬ ಸ್ವಂತ ಪರಿಶ್ರಮದಿಂದ ಕಲಿತು, ಮುಂಬಯಿಯಲ್ಲಿ ಬೆಳೆಸಿ, ಶಿಷ್ಯರ ಮೂಲಕ ರಾಮಾನುಜನ್ ಅವರ ಊರಿಗೇ ಮರಳಿಸಿದಂತಾಯಿತು.

ಕೊನೆಯ ವರ್ಷಗಳು

1995ರಲ್ಲಿ ನಿವೃತ್ತರಾದ ಬಳಿಕ ರಾಮಚಂದ್ರ ಅವರು ಬೆಂಗಳೂರಿಗೆ ಹಿಂದಿರುಗಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯನ್ನು ಸೇರಿದರು. ಒಮ್ಮೆ ಕೇವಲ 6 ದಿನ ಇದ್ದು ಹೊರಟ ಆವರಣದಲ್ಲಿ ಈಗ ಹದಿನೈದು ವರ್ಷ ಕೆಲಸ ಮಾಡಿದರು. ವಿದ್ಯಾರ್ಥಿಗಳಿಗಾಗಿ ಬರೆದ ಸಂಖ್ಯಾಸಿದ್ಧಾಂತದ ಪಠ್ಯಪುಸ್ತಕ 2007ರಲ್ಲಿ ಪ್ರಕಟವಾಯಿತು. 2011ರ ಜನವರಿ 17ರಂದು, 77ನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ನಮ್ಮ ಮನೆಗಳಲ್ಲಿ ಗಣಿತದಲ್ಲಿ ಚುರುಕಾದ ಮಗು ಕಂಡರೆ ಇಂಜಿನಿಯರಿಂಗ್ ಎಂದು ತಕ್ಷಣ ತೀರ್ಮಾನಿಸುವುದು ರೂಢಿ. ಅದರಲ್ಲಿ ತಪ್ಪೇನಿಲ್ಲ, ಕುಟುಂಬಗಳು ನೆಲೆಯೂರಿದ್ದು ಅಂಥ ತೀರ್ಮಾನಗಳಿಂದಲೇ. ಆದರೆ ಇಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕ ಹುದ್ದೆಯನ್ನೇ ಬಿಟ್ಟು ಸಂಖ್ಯೆಗಳ ಹಿಂದೆ ಹೋದ ಒಬ್ಬರು ನಮ್ಮ ನಾಡಿನಲ್ಲಿಯೇ ಇದ್ದರೆಂಬುದು ಆ ಮಗುವಿಗೆ ತಿಳಿದಿರಲಿ. 2 ಮತ್ತು 3ರ ಆ ಪ್ರಶ್ನೆಯನ್ನೂ ಹೇಳಿಕೊಡೋಣ. ಉತ್ತರ ಇನ್ನೂ ಯಾರಿಗೂ ಸಿಕ್ಕಿಲ್ಲ.

ಜೀವನದ ಮುಖ್ಯ ಘಟನೆಗಳು

1933: ಮಂಡ್ಯದಲ್ಲಿ ಜನನ (ಆಗಸ್ಟ್ 18)
1958: ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರ್ಪಡೆ
1964: ಕ್ರೋನೆಕರ್ ಸೂತ್ರಗಳ ಅನ್ವಯ ಕುರಿತ ಲೇಖನ
1965: ಡಾಕ್ಟರೇಟ್ ಪದವಿ
1968: ಆರು ಘಾತಗಳ ಪ್ರಮೇಯದ ಪ್ರಕಟಣೆ
1969: ಮದ್ರಾಸಿನ ರಾಮಾನುಜನ್ ಇನ್‌ಸ್ಟಿಟ್ಯೂಟ್‌ನಿಂದ ಉಪನ್ಯಾಸಗಳ ಪುಸ್ತಕ
1975: ಗ್ರಿಮ್ ಊಹೆ ಕುರಿತ ಜಂಟಿ ಲೇಖನ
1978: ಹಾರ್ಡಿ–ರಾಮಾನುಜನ್ ಜರ್ನಲ್ ಆರಂಭ
1995: ಜೀಟ ಫಲನ ಕುರಿತ ಪುಸ್ತಕ, ನಿವೃತ್ತಿ, ಬೆಂಗಳೂರಿಗೆ ವಾಪಸ್ಸು
2003: 70ನೆಯ ವರ್ಷದ ಗೌರವಾರ್ಥ ಅಂತರರಾಷ್ಟ್ರೀಯ ಸಮ್ಮೇಳನ
2011: ನಿಧನ (ಜನವರಿ 17)